ಬ್ಯೂಗಲ್‌ಗೆ ಒಪ್ಪುವ ಮೌತ್‌ಪೀಸ್

ಶಾಲೆಯ ಧ್ವಜವಂದನೆ, ಎನ್.ಸಿ.ಸಿ. ಕವಾಯತು, ಪೊಲೀಸ್ ಹುತಾತ್ಮರ ದಿನಾಚರಣೆ ಮುಂತಾದ ಸಂದರ್ಭಗಳಲ್ಲಿ ಬ್ಯೂಗಲ್ ಊದುವುದನ್ನು ನೀವು ಕೇಳಿರುತ್ತೀರಿ. ಎಲ್ಲರೂ ಮೌನವಾಗಿ ನಿಂತಿರುವಾಗ ಸ್ವರವು ನಡುವೆ ಒಡೆದು, ಕೀರಲು ದನಿಯೊಂದು ಹೊರಟು, ಊದುತ್ತಿದ್ದ ಹುಡುಗ ಅಥವಾ ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ನಿಂತದ್ದನ್ನೂ ನೋಡಿರಬಹುದು. 'ಅಭ್ಯಾಸ ಸಾಲದು' ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಅದು ನಿಜವೂ ಇರಬಹುದು. ಆದರೆ ತೀರ್ಪು ಕೊಡುವ ಮುನ್ನ ಆ ಬ್ಯೂಗಲ್‌ನ ಮೌತ್‌ಪೀಸನ್ನು ಒಮ್ಮೆ ಹಿಡಿದು ಅಲ್ಲಾಡಿಸಿ ನೋಡಿ. ಮೂಲ ಮೌತ್‌ಪೀಸ್ ಎಂದೋ ಕಳೆದುಹೋಗಿ, ಅದರ ಜಾಗದಲ್ಲಿ ಟ್ರಂಪೆಟ್‌ನ ಮೌತ್‌ಪೀಸಿಗೆ ದಾರವನ್ನೋ ಕಾಗದವನ್ನೋ ಸುತ್ತಿ ತುರುಕಿರುವುದು ಅಪರೂಪವೇನಲ್ಲ. ಹಾಗಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಸ್ವರ ನಿಲ್ಲದೆ ಹೋಗಬಹುದು.

ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ ಈ ಲೋಹದ ತುಂಡಿಗೆ ಇಷ್ಟೊಂದು ಮಹತ್ವವೇಕೆ? ಸರಿಯಾದುದನ್ನು ಆರಿಸುವುದು ಹೇಗೆ? ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿರುವ ವರ್ನಿಯರ್ ಕ್ಯಾಲಿಪರ್ಸ್ ಮತ್ತು ಪದವಿಪೂರ್ವ ತರಗತಿಯ ಶಬ್ದಶಾಸ್ತ್ರ, ಇವೆರಡೇ ಇದಕ್ಕೆ ಸಾಕು.

ಐದೇ ಸ್ವರಗಳ ವಾದ್ಯ

ಬ್ಯೂಗಲ್‌ನಲ್ಲಿ ಕೊಳಲಿನಂತೆ ರಂಧ್ರಗಳಿಲ್ಲ, ಟ್ರಂಪೆಟ್‌ನಂತೆ ಒತ್ತುವ ಕವಾಟಗಳಿಲ್ಲ. ಬ್ರಿಟಿಷ್ ಸೇನೆಯಿಂದ ನಮ್ಮ ಸೇನೆಗೆ, ಪೊಲೀಸ್ ಪಡೆಗಳಿಗೆ, ಶಾಲೆಗಳಿಗೆ ಬಂದಿರುವ ಬಿ-ಫ್ಲ್ಯಾಟ್ ಬ್ಯೂಗಲ್ ಎಂದರೆ ಎರಡು ಸುತ್ತು ಸುತ್ತಿದ, ತುದಿಯತ್ತ ಅಗಲವಾಗುತ್ತ ಹೋಗುವ, ಸುಮಾರು ನಾಲ್ಕೂವರೆ ಅಡಿ ಉದ್ದದ ತಾಮ್ರದ ಕೊಳವೆ, ಅಷ್ಟೆ. ಉತ್ತರ ಪ್ರದೇಶದ ಮೀರತ್ ನಗರದ ಜಲಿ ಕೋಠಿ ಪ್ರದೇಶವು ಇಂಥ ವಾದ್ಯಗಳ ತಯಾರಿಕೆಗೆ ಹೆಸರಾಗಿದೆ.

ಊದುವವರ ತುಟಿಗಳ ಕಂಪನವೇ ಇಲ್ಲಿ ಶಬ್ದದ ಮೂಲ. ನಮ್ಮ ಕೊಂಬು, ಕಹಳೆ, ಶಂಖಗಳದ್ದೂ ಇದೇ ತತ್ತ್ವ. ತುಟಿಯ ಬಿಗಿತವನ್ನು ಬದಲಿಸುತ್ತ ಹೋದಂತೆ ಕೊಳವೆಯೊಳಗಿನ ಗಾಳಿ ಕೆಲವು ನಿರ್ದಿಷ್ಟ ಆವೃತ್ತಿಗಳಲ್ಲಿ ಮಾತ್ರ ಅನುರಣಿಸುತ್ತದೆ. ಬಳಕೆಯಲ್ಲಿರುವುದು ಐದು: 233, 350, 466, 583 ಮತ್ತು 699 ಹರ್ಟ್ಸ್. ಇವುಗಳ ಅನುಪಾತ 2:3:4:5:6. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಸ, ಪ, ಮೇಲಿನ ಸ, ಅಂತರ ಗಾಂಧಾರ ಮತ್ತು ಮೇಲಿನ ಪ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರವೂ 5ನೆಯ ಸಂಗತ ಸ್ವರವೇ. ಹುತಾತ್ಮರ ಸ್ಮಾರಕಗಳ ಮುಂದೆ ಊದುವ 'ಲಾಸ್ಟ್ ಪೋಸ್ಟ್' ರಚನೆಗೆ ಈ ಐದು ಸ್ವರಗಳೇ ಸಾಕು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ ರೂಪುಗೊಂಡ 'ಟ್ಯಾಪ್ಸ್' ಎಂಬ ರಚನೆಗೆ ನಾಲ್ಕೇ ಸ್ವರಗಳು.

ಟ್ರಂಪೆಟ್ ಊದುವವರಿಗೆ ಸ್ವರ ತುಸು ತಪ್ಪಿದರೆ ಸರಿಪಡಿಸಿಕೊಳ್ಳಲು ಜಾರುವ ಕೊಳವೆಗಳಿವೆ. ಬ್ರಿಟಿಷ್ ಮಾದರಿಯ ಬ್ಯೂಗಲ್‌ನಲ್ಲಿ ಅದೂ ಇಲ್ಲ. ಬದಲಿಸಬಹುದಾದ ಒಂದೇ ಒಂದು ಭಾಗವೆಂದರೆ ಮೌತ್‌ಪೀಸ್. ಐದು ಸ್ವರಗಳ ನಡುವಣ ಹೊಂದಾಣಿಕೆ ಬಹುಮಟ್ಟಿಗೆ ಅದನ್ನೇ ನೆಚ್ಚಿಕೊಂಡಿದೆ.

ಮುಚ್ಚಿದ ಕೊಳವೆಯ ಒಗಟು

ಇಲ್ಲೊಂದು ಪ್ರಶ್ನೆ ನಿಮಗೆ ಹೊಳೆದಿರಬಹುದು. ಬ್ಯೂಗಲ್‌ನ ಒಂದು ತುದಿಯನ್ನು ತುಟಿಗಳು ಮುಚ್ಚಿರುತ್ತವೆ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಅನುರಣನೆಯ ಆವೃತ್ತಿಗಳು 1:3:5:7 ಎಂಬ ಅನುಪಾತದಲ್ಲಿರುತ್ತವೆ ಎಂದು ಅನುರಣನ ಕೊಳವೆಯ ಪ್ರಯೋಗದಲ್ಲಿ ಕಲಿತಿದ್ದೇವೆ. ನಾಲ್ಕೂವರೆ ಅಡಿ, ಎಂದರೆ 1.37 ಮೀ. ಉದ್ದದ, ಉದ್ದಕ್ಕೂ ಒಂದೇ ಅಗಲವಿರುವ ಕೊಳವೆಗೆ ಲೆಕ್ಕ ಹಾಕಿದರೆ 63, 188, 313, 438, 563, 688 ಹರ್ಟ್ಸ್ ದೊರೆಯುತ್ತದೆ. ಮೊದಲನೆಯದನ್ನು ಬಿಟ್ಟು ಉಳಿದವನ್ನು ಬ್ಯೂಗಲ್‌ನ ಸ್ವರಗಳೊಡನೆ ಹೋಲಿಸಿ. 188 ಇದ್ದದ್ದು 233 ಆಗಬೇಕು, 313 ಇದ್ದದ್ದು 350, ಹೀಗೆಯೇ 688 ಇದ್ದದ್ದು 699. ಕೆಳಗಿನ ಸ್ವರ 45 ಹರ್ಟ್ಸ್ ಏರಬೇಕು, ಮೇಲಿನದು 11 ಹರ್ಟ್ಸ್ ಮಾತ್ರ.

ಈ ಏರುಪೇರನ್ನು ಸಾಧಿಸುವವರು ಇಬ್ಬರು. ಮೊದಲನೆಯದು ಅಗಲವಾಗುತ್ತ ಹೋಗಿ ಗಂಟೆಯಂತೆ ಅರಳಿದ ತುದಿ. ತಗ್ಗು ಆವೃತ್ತಿಯ ಅಲೆಗಳು ಅರಳಿದ ಭಾಗದ ಅಂಚಿನವರೆಗೂ ಹೋಗದೆ ಮೊದಲೇ ಪ್ರತಿಫಲಿಸಿ ಹಿಂತಿರುಗುತ್ತವೆ. ಅವುಗಳ ಪಾಲಿಗೆ ಕೊಳವೆ ಗಿಡ್ಡವಾದಂತೆ. ಆದ್ದರಿಂದ ಆವೃತ್ತಿ ಏರುತ್ತದೆ. ಎರಡನೆಯದು ಮೌತ್‌ಪೀಸ್. ಅದು ಹೆಚ್ಚು ಆವೃತ್ತಿಯ ಅಲೆಗಳ ಪಾಲಿಗೆ ಕೊಳವೆಯನ್ನು ಉದ್ದವಾಗಿಸಿ, ಮೇಲಿನ ಸ್ವರಗಳನ್ನು ಕೆಳಕ್ಕೆಳೆಯುತ್ತದೆ. ಒಂದು ತುದಿ ಕೆಳಗಿನ ಸ್ವರಗಳನ್ನು ಮೇಲೆತ್ತುತ್ತದೆ, ಇನ್ನೊಂದು ತುದಿ ಮೇಲಿನ ಸ್ವರಗಳನ್ನು ಹಿಡಿದು ನಿಲ್ಲಿಸುತ್ತದೆ. ಎರಡೂ ಒಪ್ಪಂದಕ್ಕೆ ಬಂದಾಗ ಮಾತ್ರ 2:3:4:5:6.

ಪುಟ್ಟ ಬಟ್ಟಲಿನ ಭೌತವಿಜ್ಞಾನ

ಮೌತ್‌ಪೀಸನ್ನು ಕೈಯಲ್ಲಿ ಹಿಡಿದು ನೋಡಿ. ತುಟಿ ತಾಗುವ ಭಾಗ ಅಂಚು. ಅದರೊಳಗೆ ಬಟ್ಟಲು. ಬಟ್ಟಲಿನ ತಳದಲ್ಲಿ ಕಿರಿದಾದ ಕಂಠ. ಟ್ರಂಪೆಟ್ ಮೌತ್‌ಪೀಸುಗಳಲ್ಲಿ ಇದರ ವ್ಯಾಸ 3.7 ಮಿ.ಮೀ. ಸುಮಾರಿನದು. ಕಂಠದ ಆಚೆಗೆ ನಿಧಾನವಾಗಿ ಅಗಲವಾಗುವ ಹಿಂಗೊಳವೆ. ಈ ಹಿಂಗೊಳವೆಯ ಹೊರಮೈಯನ್ನು ಬ್ಯಾಂಡಿನವರು ಶ್ಯಾಂಕ್ ಎನ್ನುತ್ತಾರೆ. ನಾವಿಲ್ಲಿ ಬಾಲ ಎನ್ನೋಣ. ಬಾಲವನ್ನು ಒಳಗೆ ಕೂರಿಸಿಕೊಳ್ಳುವ ಬ್ಯೂಗಲ್‌ನ ತುದಿಗೆ ಮೂತಿ ಎಂದು ಹೆಸರಿಡೋಣ.

ಬಟ್ಟಲಿನ ಗಾಳಿ ಸ್ಪ್ರಿಂಗ್‌ನಂತೆ, ಕಂಠದ ಗಾಳಿ ಅದಕ್ಕೆ ಕಟ್ಟಿದ ತೂಕದಂತೆ ವರ್ತಿಸುತ್ತದೆ. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದಾಗ ಶಬ್ದ ಬರುವುದೂ ಹೀಗೆಯೇ. ಇಂಥ ವ್ಯವಸ್ಥೆಗೆ ಹೆಲ್ಮ್‌ಹೋಲ್ಟ್ಸ್ ಅನುರಣಕ ಎಂದು ಹೆಸರು. ಮೌತ್‌ಪೀಸಿನ ಅಂಚನ್ನು ಅಂಗೈಗೆ ಚಪ್ಪಟೆಯಾಗಿ ತಟ್ಟಿ: 'ಪೊಕ್' ಎಂಬ ಸ್ಪಷ್ಟ ಸದ್ದು ಕೇಳುತ್ತದೆ. ಅದೇ ಅದರ ಸಹಜ ಆವೃತ್ತಿ. ಸಾಮಾನ್ಯ ಟ್ರಂಪೆಟ್ ಮೌತ್‌ಪೀಸಿನಲ್ಲಿ ಇದು ಸುಮಾರು 850 ಹರ್ಟ್ಸ್. ಬಟ್ಟಲು ಆಳವಾದಷ್ಟೂ ಈ ಆವೃತ್ತಿ ಇಳಿಯುತ್ತದೆ, ಕಂಠ ಅಗಲವಾದಷ್ಟೂ ಏರುತ್ತದೆ.

ಅಮೆರಿಕದ ಭೌತವಿಜ್ಞಾನಿ ಆರ್ಥರ್ ಬೆನೇಡ್ (1925–1987) ಮೌತ್‌ಪೀಸಿನ ವರ್ತನೆಯನ್ನು ಎರಡು ಸರಳ ನಿಯಮಗಳಲ್ಲಿ ಹಿಡಿದಿಟ್ಟರು. ಒಂದು: ತಗ್ಗು ಆವೃತ್ತಿಯಲ್ಲಿ ಮೌತ್‌ಪೀಸಿನ ಆಕಾರ ಮುಖ್ಯವಲ್ಲ, ಒಟ್ಟು ಒಳಗಾತ್ರ ಮಾತ್ರ ಮುಖ್ಯ. ಅದೇ ಗಾತ್ರವನ್ನು ಹಿಡಿಸುವ ಕೊಳವೆಯ ತುಂಡು ಎಷ್ಟು ಉದ್ದವೋ ಮೌತ್‌ಪೀಸಿನ ಪರಿಣಾಮಕಾರಿ ಉದ್ದವೂ ಅಷ್ಟೇ. ಎರಡು: ಆವೃತ್ತಿ ಏರಿದಂತೆ ಈ ಉದ್ದ ಹೆಚ್ಚುತ್ತ ಹೋಗಿ, ಮೌತ್‌ಪೀಸಿನ ಸಹಜ ಆವೃತ್ತಿಯಲ್ಲಿ ಕಾಲು ಅಲೆಯುದ್ದಕ್ಕೆ ಸಮನಾಗುತ್ತದೆ.

ಅಂಕಿಗಳನ್ನು ಹಾಕಿ ನೋಡೋಣ. ಮೂತಿಯ ಬಳಿ ಕೊಳವೆಯ ಒಳವ್ಯಾಸ 10 ಮಿ.ಮೀ. ಎಂದಿರಲಿ, ಅಡ್ಡಛೇದದ ವಿಸ್ತೀರ್ಣ 0.785 ಚದರ ಸೆಂ.ಮೀ. ಮೌತ್‌ಪೀಸಿನ ಒಟ್ಟು ಒಳಗಾತ್ರ 3.5 ಘನ ಸೆಂ.ಮೀ. ಇದ್ದರೆ ತಗ್ಗು ಆವೃತ್ತಿಯಲ್ಲಿ ಅದು ಸುಮಾರು 4.5 ಸೆಂ.ಮೀ. ಕೊಳವೆಗೆ ಸಮ. ಸಹಜ ಆವೃತ್ತಿ 850 ಹರ್ಟ್ಸ್ ಆಗಿದ್ದರೆ ಆ ಆವೃತ್ತಿಯಲ್ಲಿ ಅದು 10 ಸೆಂ.ಮೀ. ಕೊಳವೆಗೆ ಸಮ. ಒಂದೇ ತುಂಡು ಕೆಳಗಿನ ಸ್ವರಕ್ಕೆ ಗಿಡ್ಡ, ಮೇಲಿನ ಸ್ವರಕ್ಕೆ ಉದ್ದ!

ಸ್ವರಗಳ ಹೊಂದಾಣಿಕೆ ಕೇಳಲು ಹಿತವೆಂಬುದಷ್ಟೇ ಅಲ್ಲ, ಊದುವ ಸುಲಭಕ್ಕೂ ಅದೇ ಆಧಾರ. ನೀವು 233 ಹರ್ಟ್ಸ್‌ನ ಸ್ವರವನ್ನು ಊದುವಾಗ ತುಟಿಯ ಕಂಪನದಲ್ಲಿ 466, 699 ಹರ್ಟ್ಸ್‌ಗಳೂ ಬೆರೆತಿರುತ್ತವೆ. ಕೊಳವೆಯ ಅನುರಣನೆಗಳು ಸರಿಯಾಗಿ ಅಲ್ಲಿಯೇ ಇದ್ದರೆ ಮೂರೂ ಸೇರಿ ತುಟಿಯ ಕಂಪನವನ್ನು ಹಿಡಿದು ನಿಲ್ಲಿಸುತ್ತವೆ. ಅವು ಅತ್ತಿತ್ತ ಸರಿದಿದ್ದರೆ ಈ ಬೆಂಬಲ ತಪ್ಪಿಹೋಗುತ್ತದೆ. ಆಗ ತುಟಿಯೊಂದೇ ಶ್ರಮಿಸಬೇಕು. ಸ್ವರ ನಡುಗುತ್ತದೆ, ಪಕ್ಕದ ಸ್ವರಕ್ಕೆ ಜಾರುತ್ತದೆ. ವಿದ್ಯಾರ್ಥಿಯ ತಪ್ಪೆಂದು ನಮಗೆ ಕಾಣುವುದು ಎಷ್ಟೋ ಸಲ ಇದೇ.

ಮೊದಲ ಹೊಂದಿಕೆ: ಬಾಲ ಮತ್ತು ಮೂತಿ

ಮೌತ್‌ಪೀಸ್ ಕೊಳ್ಳುವಾಗ ಬಹುತೇಕರು ಮೊದಲು ತುಟಿಗಿಟ್ಟು ನೋಡುತ್ತಾರೆ. ಅದನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದದ್ದು ಬಾಲ. ಬಾಲವು ತುದಿಯತ್ತ ಸಣ್ಣದಾಗುತ್ತ ಹೋಗುತ್ತದೆ. ಲೇತ್ ಕೆಲಸದವರು ಇದನ್ನು ಟೇಪರ್ ಎನ್ನುತ್ತಾರೆ. ಟ್ರಂಪೆಟ್ ಮೌತ್‌ಪೀಸುಗಳಲ್ಲಿ ಇದು ಸುಮಾರು 20ಕ್ಕೆ 1. ಎಂದರೆ 20 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಬದಲಾಗುತ್ತದೆ.

ಇದರ ಪರಿಣಾಮ ಕುತೂಹಲಕರವಾಗಿದೆ. ಬಾಲ ಅರ್ಧ ಮಿ.ಮೀ. ದಪ್ಪಗಿದ್ದರೆ ಅದು 10 ಮಿ.ಮೀ. ಹೊರಗೇ ನಿಂತುಬಿಡುತ್ತದೆ. ಅರ್ಧ ಮಿ.ಮೀ. ಸಣ್ಣಗಿದ್ದರೆ 10 ಮಿ.ಮೀ. ಹೆಚ್ಚು ಒಳಹೋಗುತ್ತದೆ. ವ್ಯಾಸದ ದೋಷವು 20 ಪಟ್ಟು ಹಿಗ್ಗಿ ಉದ್ದದ ದೋಷವಾಗುತ್ತದೆ. ಬ್ಯೂಗಲ್‌ನ ಪರಿಣಾಮಕಾರಿ ಉದ್ದವನ್ನು ಶಬ್ದದ ವೇಗದಿಂದ ಪಡೆಯಬಹುದು: 343ನ್ನು 233ರಿಂದ ಭಾಗಿಸಿದರೆ 1.47 ಮೀ. ಇದರಲ್ಲಿ 10 ಮಿ.ಮೀ. ಎಂದರೆ ಶೇಕಡಾ 0.7. ನಡುವಿನ 466 ಹರ್ಟ್ಸ್ ಸ್ವರ 3 ಹರ್ಟ್ಸ್‌ನಷ್ಟು ಇಳಿಯುತ್ತದೆ. ಒಂಟಿಯಾಗಿ ಊದಿದರೆ ಇದು ಯಾರಿಗೂ ತಿಳಿಯದು. ಇನ್ನೊಂದು ಬ್ಯೂಗಲ್ ಜೊತೆಗೂಡಿದಾಗ ಸೆಕೆಂಡಿಗೆ ಮೂರು ಸಲ ಸದ್ದು ಏರಿಳಿಯುವ ವಿಸ್ಪಂದಗಳು ಮೈದಾನದ ತುದಿಗೂ ಕೇಳುತ್ತವೆ. ಅಂದ ಹಾಗೆ, ಬಿಸಿಲೇರಿ ಕೊಳವೆಯ ಗಾಳಿ 10 ಡಿಗ್ರಿ ಬಿಸಿಯಾದರೆ ಇದೇ ಸ್ವರ 8 ಹರ್ಟ್ಸ್ ಏರುತ್ತದೆ. ಆದರೆ ಆಗ ಎಲ್ಲ ಬ್ಯೂಗಲ್‌ಗಳೂ ಒಟ್ಟಿಗೇ ಏರುವುದರಿಂದ ಜಗಳವಿಲ್ಲ.

ಟೇಪರ್ ಸ್ವತಃ ಬೇರೆಯಾಗಿದ್ದರೆ ತೊಂದರೆ ಹೆಚ್ಚು. ಬಾಲವು ಮೂತಿಯನ್ನು ಒಂದು ಬಳೆಯಷ್ಟು ಜಾಗದಲ್ಲಿ ಮಾತ್ರ ಮುಟ್ಟಿ ಅಲ್ಲಾಡುತ್ತದೆ, ಗಾಳಿ ಸೋರುತ್ತದೆ. ಒತ್ತಡದ ಏರಿಳಿತ ಅತಿ ಹೆಚ್ಚಾಗಿರುವುದು ತುಟಿಯ ಬಳಿ. ಅಲ್ಲಿನ ಕೂದಲೆಳೆಯ ಸೋರಿಕೆಯೂ ಅನುರಣನೆಯನ್ನು ಕೆಡಿಸುತ್ತದೆ. ದಾರ, ಕಾಗದಗಳು ಅಲ್ಲಾಟವನ್ನು ನಿಲ್ಲಿಸುತ್ತವೆಯೇ ವಿನಾ ಸೋರಿಕೆಯನ್ನಲ್ಲ. ಉಸಿರಿನ ತೇವಕ್ಕೆ ಅವು ಬೇಗ ಕೊಳೆಯುತ್ತವೆ.

ಟ್ರಂಪೆಟ್, ಕಾರ್ನೆಟ್, ಫ್ಲೂಗಲ್‌ಹಾರ್ನ್ ಮೌತ್‌ಪೀಸುಗಳ ಬಾಲಗಳು ಬೇರೆ ಬೇರೆ ಅಳತೆಯವು. ಕಾರ್ನೆಟ್‌ನದು ಟ್ರಂಪೆಟ್‌ನದಕ್ಕಿಂತ ಸಣ್ಣದು. ಬ್ಯೂಗಲ್‌ಗಳ ಮೂತಿಯೂ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಆದ್ದರಿಂದ 'ಬ್ಯೂಗಲ್ ಮೌತ್‌ಪೀಸ್' ಎಂಬ ಹೆಸರನ್ನು ನಂಬದೆ ಅಳತೆಯನ್ನು ನಂಬಿ.

ಅಳೆಯುವುದು ಹೀಗೆ. ಬಾಲದ ತುದಿಯ ಹೊರವ್ಯಾಸವನ್ನೂ ಅಲ್ಲಿಂದ 20 ಮಿ.ಮೀ. ಮೇಲಿನ ಹೊರವ್ಯಾಸವನ್ನೂ ವರ್ನಿಯರ್‌ನಿಂದ ಅಳೆಯಿರಿ. ಎರಡರ ವ್ಯತ್ಯಾಸವನ್ನು 20ರಿಂದ ಭಾಗಿಸಿದರೆ ಟೇಪರ್ ಸಿಗುತ್ತದೆ. ಮೂತಿಯ ಒಳಭಾಗಕ್ಕೆ ಅರ್ಧರ್ಧ ಮಿ.ಮೀ. ಅಂತರದ ಡ್ರಿಲ್ ಬಿಟ್‌ಗಳ ನುಣುಪಾದ ಹಿಂತುದಿಯನ್ನು ಮೆಲ್ಲಗೆ ಇಳಿಸಿ, ಯಾವುದು ಎಷ್ಟು ಆಳ ಹೋಗುತ್ತದೆಂದು ಗುರುತಿಸಿ. 10 ಮಿ.ಮೀ. ಬಿಟ್ 16 ಮಿ.ಮೀ. ಆಳಕ್ಕೂ 10.5 ಮಿ.ಮೀ. ಬಿಟ್ 6 ಮಿ.ಮೀ. ಆಳಕ್ಕೂ ಹೋಗಿ ನಿಂತರೆ ಟೇಪರ್ 20ಕ್ಕೆ 1. ಪ್ರಯೋಗಾಲಯದ ವರ್ನಿಯರ್‌ನ 0.1 ಮಿ.ಮೀ. ತಪ್ಪು ಕೂಡ ಇಲ್ಲಿ 2 ಮಿ.ಮೀ. ಆಳವಾಗುತ್ತದೆ. ಹೀಗಾಗಿ ಕೊನೆಯ ಪರೀಕ್ಷೆ ಕೂರಿಸಿ ನೋಡುವುದೇ. ಬಾಲದ ಉದ್ದಕ್ಕೂ ಮೆತು ಪೆನ್ಸಿಲ್‌ನಿಂದ ಮೂರು ಗೆರೆ ಎಳೆದು, ಮೂತಿಯಲ್ಲಿಟ್ಟು ಹಗುರವಾಗಿ ಕಾಲು ಸುತ್ತು ತಿರುಗಿಸಿ ತೆಗೆಯಿರಿ. ಒಳಹೋದ ಭಾಗದುದ್ದಕ್ಕೂ ಗೆರೆ ಮಾಸಿದ್ದರೆ ಹೊಂದಿಕೆ ಸರಿ. ಒಂದೇ ಕಡೆ ಮಾಸಿದ್ದರೆ ಟೇಪರ್ ಬೇರೆ.

ಬಾಲ ಸಣ್ಣದಾಗಿದ್ದರೆ ಲೇತ್‌ನಲ್ಲಿ ಕಡೆದ ಹಿತ್ತಾಳೆಯ ತೆಳು ತೋಳನ್ನು ತೊಡಿಸಬಹುದು. ಬಾಲ ದಪ್ಪಗಿದ್ದರೆ ಕೆಲವರು ಮೂತಿಯನ್ನು ಅರದಿಂದ ಉಜ್ಜುತ್ತಾರೆ. ಹಾಗೆ ಮಾಡಬೇಡಿ, ಮೌತ್‌ಪೀಸ್ ಬದಲಿಸಬಹುದು, ಮೂತಿಯನ್ನು ಬದಲಿಸುವುದು ಕಷ್ಟ. ಸುತ್ತಿಗೆಯಿಂದ ಬಡಿದು ಕೂರಿಸಲೂ ಬೇಡಿ. ಸಿಕ್ಕಿಕೊಂಡರೆ ಮೂತಿಯ ಹೊರಮೈಗೆ ಬಿಸಿನೀರು ಸುರಿದು, ತಿರುಗಿಸುತ್ತ ಎಳೆಯಿರಿ. ಬೆಂಕಿ ತಾಗಿಸಿದರೆ ಬೆಸುಗೆ ಕರಗೀತು.

ಎರಡನೆಯ ಹೊಂದಿಕೆ: ಒಳಗಾತ್ರ

ಬಾಲ ಸರಿಯಾಗಿ ಕೂತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಟ್ರಂಪೆಟ್‌ನ ಬಟ್ಟಲು ಸಾಮಾನ್ಯವಾಗಿ ಗುಂಡಗೆ, ಕಡಿಮೆ ಆಳದ್ದು. ಬ್ಯೂಗಲ್ ಮತ್ತು ಫ್ಲೂಗಲ್‌ಹಾರ್ನ್‌ಗಳದ್ದು ಆಳವಾಗಿ, ಆಲಿಕೆಯಂತೆ ಇಳಿಯುವಂಥದ್ದು. ಆಳದ ಬಟ್ಟಲಿನಿಂದ ಮೃದುವಾದ, ತುಂಬಿದ ದನಿ. ಆಳವಿಲ್ಲದ್ದರಿಂದ ಹರಿತವಾದ ದನಿ.

ಬಟ್ಟಲಿನ ಗಾತ್ರವನ್ನು ಅಳೆಯುವುದು ಸುಲಭ. ಕಂಠವನ್ನು ಮೇಣದಿಂದ ಮುಚ್ಚಿ, ಸೂಜಿ ತೆಗೆದ ಸಿರಿಂಜಿನಿಂದ ಅಂಚಿನವರೆಗೆ ನೀರು ತುಂಬಿಸಿ, ಹಿಡಿಸಿದ್ದೆಷ್ಟೆಂದು ಓದಿಕೊಳ್ಳಿ. ಒಳಗಾತ್ರ 1 ಘನ ಸೆಂ.ಮೀ. ಹೆಚ್ಚಿದರೆ ನಮ್ಮ ಮೇಲಿನ ಉದಾಹರಣೆಯಲ್ಲಿ ಕೊಳವೆ 1.27 ಸೆಂ.ಮೀ. ಉದ್ದವಾದಂತೆ. 466 ಹರ್ಟ್ಸ್‌ನ ಸ್ವರ ಕನಿಷ್ಠ 4 ಹರ್ಟ್ಸ್ ಇಳಿಯುತ್ತದೆ, ಮೇಲಿನ ಪಂಚಮ ಇನ್ನೂ ಹೆಚ್ಚಿನ ಅನುಪಾತದಲ್ಲಿ ಇಳಿಯುತ್ತದೆ. ಒಂದು ಚಮಚದ ಐದನೆಯ ಒಂದು ಭಾಗದಷ್ಟು ಗಾಳಿಗೆ ಇಷ್ಟು ಶಕ್ತಿ!

ಇನ್ನು ಕಿವಿಯ ಪರೀಕ್ಷೆ. ಶ್ರುತಿಪೆಟ್ಟಿಗೆಯನ್ನು ಬಿ-ಫ್ಲ್ಯಾಟ್‌ಗೆ, ಎಂದರೆ ಆರೂವರೆ ಮನೆಗೆ ಇಟ್ಟುಕೊಳ್ಳಿ. ಬ್ಯೂಗಲ್ ಊದಬಲ್ಲ ಒಬ್ಬರು ಐದು ಸ್ವರಗಳನ್ನೂ ತುಟಿಯಿಂದ ಎಳೆದು ಸರಿಪಡಿಸದೆ, ಸಹಜವಾಗಿ ಊದಲಿ. ಮೂರು ಸಾಧ್ಯತೆಗಳಿವೆ.

ಎಲ್ಲ ಸ್ವರಗಳೂ ಸಮನಾಗಿ ಇಳಿದಿವೆ ಅಥವಾ ಏರಿವೆ: ಬಾಲ ಕೂತ ಆಳ ತಪ್ಪಿದೆ, ಮೊದಲ ಹೊಂದಿಕೆಗೆ ಹಿಂತಿರುಗಿ.

ಕೆಳಗಿನ ಷಡ್ಜ ಸರಿಯಿದ್ದು ಗಾಂಧಾರ, ಮೇಲಿನ ಪಂಚಮ ಇಳಿದಿವೆ: ಬಟ್ಟಲಿನ ಗಾತ್ರ ಹೆಚ್ಚು ಅಥವಾ ಕಂಠ ಕಿರಿದು.

ಕೆಳಗಿನ ಷಡ್ಜ ಸರಿಯಿದ್ದು ಮೇಲಿನ ಸ್ವರಗಳು ಏರಿವೆ: ಬಟ್ಟಲಿನ ಗಾತ್ರ ಕಡಿಮೆ.

ಕಿವಿಯ ಮೇಲೆ ಭರವಸೆ ಇಲ್ಲದವರು ಮೊಬೈಲ್ ಫೋನ್ ಬಳಸಬಹುದು. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯ ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಶಬ್ದದ ಆವೃತ್ತಿಯನ್ನು ತೋರಿಸುತ್ತದೆ. ಐದು ಆವೃತ್ತಿಗಳನ್ನು ಬರೆದುಕೊಂಡು ಕ್ರಮವಾಗಿ 2, 3, 4, 5, 6ರಿಂದ ಭಾಗಿಸಿ. ಐದು ಉತ್ತರಗಳೂ 116.5ರ ಆಸುಪಾಸಿನಲ್ಲಿ ಒಂದಕ್ಕೊಂದು ಹತ್ತಿರವಿದ್ದರೆ ಮೌತ್‌ಪೀಸ್ ಬ್ಯೂಗಲ್‌ಗೆ ಒಪ್ಪಿದೆ. ವಿಜ್ಞಾನ ಸಂಘದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಯೋಜನಾಕಾರ್ಯ ಸಿಗಲಾರದು.

ಮೂರನೆಯ ಹೊಂದಿಕೆ: ಅಂಚು ಮತ್ತು ತುಟಿ

ಈ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮೌತ್‌ಪೀಸುಗಳ ಪೈಕಿ ಊದುವವರ ತುಟಿಗೆ ಹಿತವಾದದ್ದನ್ನು ಆರಿಸಿ. ಅಂಚಿನ ಒಳವ್ಯಾಸ 16ರಿಂದ 17 ಮಿ.ಮೀ. ಇರುವವು ಸಾಮಾನ್ಯ. ತುಟಿ ದಪ್ಪಗಿರುವವರಿಗೆ ತುಸು ಅಗಲವಾದದ್ದು ಅನುಕೂಲ. ಹರಿತವಾದ ಅಂಚು ಸ್ವರವನ್ನು ಸ್ಪಷ್ಟವಾಗಿ ಹಿಡಿಯುತ್ತದೆ, ಬೇಗ ನೋಯಿಸುತ್ತದೆ. ದುಂಡಾದ ಅಂಚು ಹೊಸಬರಿಗೆ ಒಳ್ಳೆಯದು. ಬೆಳ್ಳಿಯ ಲೇಪ ಸವೆದು ಹಿತ್ತಾಳೆ ಕಾಣುತ್ತಿದ್ದರೆ, ಕಿಲುಬು ಕಟ್ಟಿದ್ದರೆ ಅದನ್ನು ತುಟಿಗೆ ಇಡಬಾರದು.

ಒಂದೇ ಬ್ಯೂಗಲನ್ನು ನಾಲ್ಕಾರು ಮಕ್ಕಳು ಹಂಚಿಕೊಳ್ಳುವ ಶಾಲೆಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಮೌತ್‌ಪೀಸ್ ಇರುವುದು ಆರೋಗ್ಯದ ದೃಷ್ಟಿಯಿಂದ ಅಗತ್ಯ. ಅಂಚು ಬೇರೆ ಬೇರೆ ಇರಬಹುದು. ಬಾಲ ಮತ್ತು ಒಳಗಾತ್ರ ಮಾತ್ರ ಒಂದೇ ಇರಬೇಕು. ಬಳಸಿದ ಮೇಲೆ ಉಗುರುಬೆಚ್ಚನೆಯ ಸೋಪುನೀರಿನಲ್ಲಿ ತೊಳೆಯುವ ಅಭ್ಯಾಸ ಮಾಡಿಸಿ. ಕಂಠದಲ್ಲಿ ಕಟ್ಟಿಕೊಂಡ ಕೊಳೆ ಆರೋಗ್ಯದ ಜೊತೆಗೆ ಶ್ರುತಿಯನ್ನೂ ಕೆಡಿಸುತ್ತದೆ. ಕಂಠ ಕಿರಿದಾದರೆ ಏನಾಗುತ್ತದೆಂದು ಈಗಾಗಲೇ ನೋಡಿದ್ದೇವೆ.

ಅಂಗಡಿಗೆ ಹೋಗುವ ಮುನ್ನ

ಹೊಸ ಮೌತ್‌ಪೀಸ್ ಕೊಳ್ಳಲು ಹೋಗುವಾಗ ಬ್ಯೂಗಲನ್ನೇ ಕೊಂಡೊಯ್ಯಿರಿ. ಅದು ಆಗದಿದ್ದರೆ ಮೂತಿಯ ಅಳತೆಗಳನ್ನಾದರೂ ಬರೆದುಕೊಂಡು ಹೋಗಿ. ನಿಮ್ಮ ಶಾಲೆಯ ಬ್ಯೂಗಲ್‌ನ ಮೂಲ ಮೌತ್‌ಪೀಸ್ ಇನ್ನೂ ಉಳಿದಿದ್ದರೆ ಕಳೆದುಹೋಗುವ ಮೊದಲೇ ಅದರ ಐದು ಅಂಕಿಗಳನ್ನು ದಾಸ್ತಾನು ಪುಸ್ತಕದಲ್ಲಿ ದಾಖಲಿಸಿ: ಬಾಲದ ತುದಿಯ ವ್ಯಾಸ, 20 ಮಿ.ಮೀ. ಮೇಲಿನ ವ್ಯಾಸ, ಮೂತಿಯೊಳಗೆ ಹೋಗುವ ಆಳ, ಕಂಠದ ವ್ಯಾಸ, ಬಟ್ಟಲಿನ ಗಾತ್ರ. ಅರ್ಧ ಗಂಟೆಯ ಕೆಲಸ. ಮುಂದೆ ಎಂದಾದರೂ ಸಮಾರಂಭದ ಹಿಂದಿನ ದಿನ ಮೌತ್‌ಪೀಸ್ ಕಾಣೆಯಾದರೆ, ಆ ಐದು ಅಂಕಿಗಳನ್ನು ಹಿಡಿದುಕೊಂಡು ಅಂಗಡಿಗೋ ಲೇತ್ ಶಾಪಿಗೋ ಹೋಗಬಹುದು.

ಇಷ್ಟೆಲ್ಲ ಸರಿಯಿದ್ದೂ ಸ್ವರ ಒಡೆದರೆ ಅಭ್ಯಾಸ ಸಾಲದೆಂದು ಹೇಳಲು ನಿಮಗೆ ಅಧಿಕಾರವಿದೆ. ಅದಕ್ಕೆ ಮುನ್ನ ವರ್ನಿಯರ್ ಕೈಗೆತ್ತಿಕೊಳ್ಳಿ.